ಸಿ ಭಾಷೆಯ ಮೂರು ಚುಕ್ಕಿ: ದಯವಿಟ್ಟು ಹೊಸದಾಗಿ ಇಡಬೇಡಿ!

ನಮ್ಮ ಕನ್ನಡ ಬ್ಲಾಗಿಗರಿಗೆ ಮೂರು ಚುಕ್ಕಿ ಅಂದ್ರೆ ಅದೇನು ಪ್ರೀತಿಯೋ! ವಾಕ್ಯ ಮುಗಿಸೋಕೆ ಬೇಜಾರಾದ್ರೆ ಮೂರು ಚುಕ್ಕಿ, ಪ್ರೇಮಕವನ ಆದ್ರೆ ಸಾಲಿಗೆ ಆರು ಚುಕ್ಕಿ... (ನೋಡಿ, ನಾನೂ ಇಟ್ಟೆ :-) ) ಪರವಾಗಿಲ್ಲ ಬಿಡಿ. ಓದೋರು ಬುದ್ಧಿವಂತರು, ಬಿಟ್ಟ ಜಾಗ ತಾವೇ ತುಂಬಿಕೊಳ್ತಾರೆ. ಇದೇ ಮೂರು ಚುಕ್ಕಿ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೆ. ಅಲ್ಲಿ ಮಾತ್ರ ಬಿಟ್ಟ ಜಾಗ ತುಂಬೋರು ಯಾರೂ ಇಲ್ಲ. ಕಂಪೈಲರ್ ತುಂಬಲ್ಲ, ಫಂಕ್ಷನ್ ತುಂಬಲ್ಲ. ತುಂಬೋದು ಮೆಮೊರಿಯಲ್ಲಿ ಬಿದ್ದಿರೋ ಕಸ.

ನಾನು ವರ್ಷಾನುಗಟ್ಟಲೆ ಸಿ ಕುಟ್ಟಿ ಹೊಟ್ಟೆ ಹೊರೆಯುತ್ತಿರುವವನು. ಭಾಷೆ ಮೇಲೆ ನನಗೆ ದ್ವೇಷ ಇಲ್ಲ, ಅನ್ನ ಕೊಟ್ಟಿದೆ. ಆದರೂ ಇವತ್ತು ಜಗಳಕ್ಕೇ ಕೂತಿದ್ದೀನಿ. ನನ್ನ ವಾದ ಇಷ್ಟೇ: "ಎಷ್ಟು ಬೇಕಾದ್ರೂ ಆರ್ಗ್ಯುಮೆಂಟ್ ಕೊಡಿ" ಅನ್ನೋ ಫಂಕ್ಷನ್‌ಗಳನ್ನ ಸಿಯಲ್ಲಿ ಹೊಸದಾಗಿ ಬರೆಯೋದು ಬಿಡಬೇಕು. ಕಾಲೇಜಿನಲ್ಲಿ ಅದನ್ನ ಜಾಣತನ ಅಂತ ಕಲಿಸೋದನ್ನ ಅದಕ್ಕೂ ಮೊದಲು ಬಿಡಬೇಕು. ಸಾಫ್ಟ್‌ವೇರ್‌ಗೆ ಸಂಬಂಧ ಇಲ್ಲದ ಗೆಳೆಯರೂ ಸ್ವಲ್ಪ ತಾಳಿ, ಓಡಿಹೋಗಬೇಡಿ. ಇದರಲ್ಲಿ ಕನ್ನಡದ ತಕರಾರೂ ಒಂದಿದೆ, ಮುಂದೆ ಬರುತ್ತೆ. (ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ. ಹಾಗೇ ಕಾಪಿ ಮಾಡಿದ್ರೆ ಕಂಪೈಲ್ ಆಗಲ್ಲ, ಬೈಕೋಬೇಡಿ!)

ಮೊದಲು ವಿಷಯ ಏನು ಅಂತ ನೋಡೋಣ. ಸಿಯಲ್ಲಿ ಸಾಮಾನ್ಯ ಫಂಕ್ಷನ್ ಬರೆಯುವಾಗ "ನನಗೆ ಎರಡು ಪೂರ್ಣಾಂಕ ಬೇಕು" ಅಂತ ಮೊದಲೇ ಹೇಳ್ತೀವಿ. ಯಾರಾದ್ರೂ ಮೂರು ಕೊಟ್ರೆ ಕಂಪೈಲರ್ ಅಲ್ಲೇ ತಡೆದು ನಿಲ್ಲಿಸುತ್ತೆ. ಆದರೆ ಪ್ರಿಂಟ್‌ಎಫ್ ಹಾಗಲ್ಲ. ಅದಕ್ಕೆ ಒಂದು ಸ್ಟ್ರಿಂಗ್ ಕೊಟ್ಟು ಅದರ ಹಿಂದೆ ಎಷ್ಟು ಬೇಕಾದ್ರೂ ಕೊಡಬಹುದು. ಅದರ ಘೋಷಣೆಯಲ್ಲಿ ಮೊದಲ ಆರ್ಗ್ಯುಮೆಂಟ್ ಆದಮೇಲೆ ಒಂದು ಕಾಮಾ, ಆಮೇಲೆ ಮೂರು ಚುಕ್ಕಿ. ಇಂಥ ಫಂಕ್ಷನ್ನನ್ನ ನೀವೂ ಬರೀಬಹುದು. ಎಸ್‌ಟಿಡಿ‌ಆರ್ಗ್ ಅನ್ನೋ ಹೆಡರ್ ಫೈಲ್ ಸೇರಿಸಿ, ವಿಎ_ಸ್ಟಾರ್ಟ್ ಅಂತ ಶುರು ಮಾಡಿ, ವಿಎ_ಆರ್ಗ್ ಅಂತ ಒಂದೊಂದಾಗಿ ಎತ್ತಿಕೊಂಡು, ವಿಎ_ಎಂಡ್ ಅಂತ ಮುಗಿಸೋದು. ನೋಡೋಕೆ ಬಹಳ ಸಲೀಸು.

ಆದರೆ ಒಳಗೆ ಏನಾಗುತ್ತೆ ಗೊತ್ತಾ? ಮದುವೆಮನೆ ಪಂಕ್ತಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಾಯಸ ಬಡಿಸೋ ಭಟ್ಟರನ್ನ ನೆನೆಸಿಕೊಳ್ಳಿ. "ಇಪ್ಪತ್ತು ಎಲೆ ಇದೆ" ಅಂತ ಯಾರೋ ಕೂಗಿದ್ರು, ಭಟ್ಟರು ಇಪ್ಪತ್ತು ಸೌಟು ಹಾಕಿದ್ರು. ಇದ್ದದ್ದು ಹದಿನೆಂಟೇ ಎಲೆ ಆಗಿದ್ರೆ? ಕೊನೆಯ ಎರಡು ಸೌಟು ಜಮಖಾನದ ಮೇಲೆ. ಭಟ್ಟರಿಗೆ ಗೊತ್ತೇ ಆಗಲ್ಲ. ಮೂರು ಚುಕ್ಕಿಯ ಫಂಕ್ಷನ್ನೂ ಹಾಗೇ. ಎಷ್ಟು ಆರ್ಗ್ಯುಮೆಂಟ್ ಬಂದಿದೆ ಅಂತ ಅದಕ್ಕೆ ತಿಳಿಯಲ್ಲ. ಬಂದದ್ದು ಪೂರ್ಣಾಂಕವೋ, ದಶಮಾಂಶವೋ, ಪಾಯಿಂಟರೋ ಅಂತಾನೂ ತಿಳಿಯಲ್ಲ. ಕೊನೆ ಎಲ್ಲಿ ಅಂತಲೂ ತಿಳಿಯಲ್ಲ. ಕರೆದವರು ಕೂಗಿ ಹೇಳಿದ್ದನ್ನ ನಂಬಿ ಎತ್ತಿಕೊಳ್ತಾ ಹೋಗುತ್ತೆ. ಕೂಗಿದ್ದು ತಪ್ಪಾದ್ರೆ ಸಿ ಭಾಷೆಯ ಸ್ಟ್ಯಾಂಡರ್ಡ್ ಕೈ ತೊಳ್ಕೊಂಡು ಬಿಡುತ್ತೆ: ಏನಾದ್ರೂ ಆಗಬಹುದು, ನಾವು ಜವಾಬ್ದಾರರಲ್ಲ.

ಇದು ಯಾಕೆ ಹೀಗಾಯ್ತು ಅಂದ್ರೆ ಇತಿಹಾಸ ನೋಡಬೇಕು. ಸಿ ಹುಟ್ಟೋಕೆ ಮೊದಲು ಕೆನ್ ಥಾಂಪ್ಸನ್ ಅವರ ಬಿ ಭಾಷೆ ಇತ್ತು, ಅದರಲ್ಲೂ ಪ್ರಿಂಟ್‌ಎಫ್ ಇತ್ತು. ಆರಂಭದ ಸಿಯಲ್ಲಿ ಯಾವ ಫಂಕ್ಷನ್ನಿನ ಆರ್ಗ್ಯುಮೆಂಟನ್ನೂ ಕಂಪೈಲರ್ ಪರೀಕ್ಷೆ ಮಾಡ್ತಾ ಇರಲಿಲ್ಲ. ಎಲ್ಲಾ ಫಂಕ್ಷನ್ನೂ ಒಂಥರಾ ಮೂರು ಚುಕ್ಕಿಯವೇ! ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್ ಮೇಲೆ ಸಾಲಾಗಿ ಕೂರ್ತಿದ್ವು, ಮೊದಲನೆಯದರ ವಿಳಾಸ ಹಿಡಿದು ಮುಂದೆ ಮುಂದೆ ಹೋದ್ರೆ ಉಳಿದದ್ದು ಸಿಗ್ತಿತ್ತು. 1978ರ ಕರ್ನಿಹನ್ ಮತ್ತು ರಿಚಿ ಪುಸ್ತಕದಲ್ಲೇ, ಬೇರೆಬೇರೆ ಯಂತ್ರಗಳಲ್ಲಿ ನಡೆಯೋ ಹಾಗೆ ಇಂಥ ಫಂಕ್ಷನ್ ಬರೆಯೋಕೆ ಪೂರ್ತಿ ಸಮಾಧಾನಕರವಾದ ದಾರಿ ಇಲ್ಲ ಅಂತ ಲೇಖಕರು ಒಪ್ಪಿಕೊಂಡಿದ್ದಾರೆ. 1989ರಲ್ಲಿ ಆನ್ಸಿ ಸ್ಟ್ಯಾಂಡರ್ಡ್ ಬಂದಾಗ ಬೇರೆ ಫಂಕ್ಷನ್‌ಗಳಿಗೆಲ್ಲ ಪ್ರೋಟೋಟೈಪ್ ಅನ್ನೋ ಬೇಲಿ ಹಾಕಿದ್ರು. ಪ್ರಿಂಟ್‌ಎಫ್‌ನಂಥವು ಆಗಲೇ ಊರೆಲ್ಲಾ ಹಬ್ಬಿಬಿಟ್ಟಿದ್ವಲ್ಲ, ಅವುಗಳಿಗೆ ಅಂತ ಬೇಲಿಯಲ್ಲಿ ಒಂದು ಕಿಂಡಿ ಬಿಟ್ರು. ಆ ಕಿಂಡಿಯೇ ಮೂರು ಚುಕ್ಕಿ. ಹಳೇ ಬಳಕೆ ಕೆಡದಿರಲಿ ಅಂತ ಬಿಟ್ಟ ಕಿಂಡಿಯನ್ನ ನಾವು ಹೆಬ್ಬಾಗಿಲು ಅಂದುಕೊಂಡಿದ್ದೀವಿ, ಅದೇ ನನ್ನ ದೂರು.

ಈಗ ಪಠ್ಯಪುಸ್ತಕಗಳ ಕಡೆ ಬನ್ನಿ. ಯಾವ ಸಿ ಪುಸ್ತಕ ತೆರೆದ್ರೂ ಈ ಪಾಠಕ್ಕೆ ಅದೇ ಉದಾಹರಣೆ: ಸಂಖ್ಯೆಗಳನ್ನ ಕೂಡೋ ಫಂಕ್ಷನ್. ಕೂಡು(3, 10, 20, 30) ಅಂತ ಬರೆದ್ರೆ 60 ಬರುತ್ತೆ. ಮೊದಲನೇ 3 ಅಂದ್ರೆ "ಮುಂದೆ ಮೂರು ಬರ್ತಾವೆ" ಅಂತ. ಆಹಾ! ಎಣಿಸಿ ಹೇಳೋ ಕೆಲಸ ಕರೆದವರೇ ಮಾಡಬೇಕು ಅಂತಾದ್ರೆ ಮೂರು ಚುಕ್ಕಿಯಿಂದ ಬಂದ ಲಾಭ ಏನು ಸ್ವಾಮಿ? ಆ ಮೂರು ಸಂಖ್ಯೆಯನ್ನ ಒಂದು ಅರೇಯಲ್ಲಿ ಹಾಕಿ, ಅರೇಯನ್ನೂ ಉದ್ದವನ್ನೂ ಕೊಟ್ಟಿದ್ರೆ ಇದೇ ಕೆಲಸ ಆಗ್ತಿತ್ತು, ಕಂಪೈಲರ್ ಟೈಪ್ ಕೂಡ ನೋಡಿಕೊಳ್ತಿತ್ತು. ಕೂಡು(4, 10, 20, 30) ಅಂತ ಕೈತಪ್ಪಿ ಬರೆದ್ರೆ? ಕಂಪೈಲರ್ ತುಟಿ ಬಿಚ್ಚಲ್ಲ. ನಾಲ್ಕನೆಯದಾಗಿ ಎಲ್ಲಿಂದಲೋ ಏನೋ ಒಂದು ಸಂಖ್ಯೆ ಎತ್ತಿ ಕೂಡಿ ಉತ್ತರ ಕೊಡುತ್ತೆ. ಪಾಠಕ್ಕೆ ಆರಿಸಿಕೊಂಡ ಉದಾಹರಣೆಯೇ ಈ ಸೌಲಭ್ಯ ಬೇಡ ಅನ್ನೋದಕ್ಕೆ ಸಾಕ್ಷಿ!

ಇನ್ನೊಂದು ನೋಡಿ, ಹುಡುಗರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳೋದು ಇದರಲ್ಲೇ. ಸರಾಸರಿ ಲೆಕ್ಕ ಹಾಕೋ ಫಂಕ್ಷನ್, ಒಳಗೆ ಡಬಲ್ ಅಂತ ಎತ್ತಿಕೊಳ್ಳುತ್ತೆ. ಹುಡುಗ ಸರಾಸರಿ(3, 1, 2, 3) ಅಂತ ಕರೀತಾನೆ. ಸಾಮಾನ್ಯ ಫಂಕ್ಷನ್ ಆಗಿದ್ರೆ ಕಂಪೈಲರ್ 1 ಅನ್ನ ಸದ್ದಿಲ್ಲದೆ 1.0 ಮಾಡಿ ಕಳಿಸ್ತಿತ್ತು. ಮೂರು ಚುಕ್ಕಿಯ ಕಡೆ ಆ ಉಪಕಾರ ಇಲ್ಲ, ಪೂರ್ಣಾಂಕ ಪೂರ್ಣಾಂಕವಾಗೇ ಹೋಗುತ್ತೆ. ಆಚೆ ಕಡೆ ಅದನ್ನ ಡಬಲ್ ಅಂತ ಓದಿ ಏನೋ ಒಂದು ಅಸಂಬದ್ಧ ಉತ್ತರ. ಹುಡುಗ ತನ್ನ ಗಣಿತ ತಪ್ಪು ಅಂದುಕೊಂಡು ಭಾಗಾಕಾರ ತಿದ್ದುತ್ತಾ ಕೂರ್ತಾನೆ. ಗಣಿತ ಸರಿಯಾಗೇ ಇತ್ತು ಪಾಪ.

ಇಲ್ಲಿ ಕಂಪೈಲರ್ ಏನೂ ಬದಲಿಸಲ್ವಾ ಅಂದ್ರೆ, ಬದಲಿಸುತ್ತೆ, ಅದೂ ನಮಗೆ ಬೇಡದ ಕಡೆ! ಫ್ಲೋಟ್ ಕೊಟ್ರೆ ಡಬಲ್ ಆಗಿ ಹೋಗುತ್ತೆ, ಕ್ಯಾರ್ ಮತ್ತು ಶಾರ್ಟ್ ಕೊಟ್ರೆ ಇಂಟ್ ಆಗಿ ಹೋಗುತ್ತೆ. ಅಂದ್ರೆ ಫ್ಲೋಟ್ ಕಳಿಸಿ, ಒಳಗೆ ವಿಎ_ಆರ್ಗ್‌ನಲ್ಲಿ ಪ್ರಾಮಾಣಿಕವಾಗಿ ಫ್ಲೋಟ್ ಅಂತಲೇ ಕೇಳಿದ್ರೆ ಅದು ತಪ್ಪು. ಕೊಟ್ಟಿದ್ದೂ ಫ್ಲೋಟ್, ಕೇಳಿದ್ದೂ ಫ್ಲೋಟ್, ಆದರೂ ತಪ್ಪು! ಇದನ್ನ ಒಬ್ಬ ಹೊಸಬನಿಗೆ ನಾಚಿಕೆ ಇಲ್ಲದೆ ವಿವರಿಸೋದು ಹೇಗೆ, ನೀವೇ ಹೇಳಿ.

"ಎಣಿಸೋದು ಬೇಡ, ಕೊನೆಗೊಂದು ಗುರುತು ಇಡೋಣ" ಅಂತಾರೆ ಕೆಲವರು. ಕೊನೆಯಲ್ಲಿ -1 ಬಂದ್ರೆ ನಿಲ್ಲಿಸು ಅಂತ. ಸರಿ, ನಡುವೆ ನಿಜವಾಗಿಯೂ -1 ಬಂದ್ರೆ? ಸ್ಟ್ರಿಂಗ್‌ಗಳಾದ್ರೆ ಕೊನೆಗೆ ನಲ್ ಇಡ್ತಾರೆ. ಯುನಿಕ್ಸ್‌ನ ಎಕ್ಸೆಕ್ಎಲ್ ಇರೋದೇ ಹಾಗೆ, ಪ್ರೋಗ್ರಾಮಿಗೆ ಕೊಡೋ ಆರ್ಗ್ಯುಮೆಂಟ್‌ಗಳ ಪಟ್ಟಿ ನಲ್‌ನಿಂದ ಮುಗೀಬೇಕು. ಅಲ್ಲೂ ಬರೀ ನಲ್ ಸಾಲದು, ಅದನ್ನ ಕ್ಯಾರ್ ಪಾಯಿಂಟರ್ ಅಂತ ಕಾಸ್ಟ್ ಮಾಡಿ ಕೊಡಿ ಅಂತ ಕೈಪಿಡಿ ಹೇಳುತ್ತೆ. ಯಾಕಂದ್ರೆ ನಲ್ ಅನ್ನ ಬರೀ 0 ಅಂತ ಡಿಫೈನ್ ಮಾಡೋಕೆ ಸ್ಟ್ಯಾಂಡರ್ಡ್ ಅನುಮತಿ ಕೊಟ್ಟಿದೆ. 64 ಬಿಟ್ ಯಂತ್ರದಲ್ಲಿ ಆ ಸೊನ್ನೆ 32 ಬಿಟ್ ಇಂಟ್, ಪಾಯಿಂಟರ್ 64 ಬಿಟ್. ಉಳಿದರ್ಧದಲ್ಲಿ ಏನಿರುತ್ತೋ ಅದೃಷ್ಟ. ಪಟ್ಟಿ ಮುಗಿಯಿತು ಅನ್ನೋ ಗುರುತೇ ಅರ್ಧಂಬರ್ಧ!

ಇದಕ್ಕಿಂತ ಭಯ ಹುಟ್ಟಿಸೋ ವಿಷಯ ಅಂದ್ರೆ, ತಪ್ಪು ಕೋಡ್ ಸರಿಯಾಗಿದೆ ಅನ್ನೋ ಹಾಗೆ ನಟಿಸೋದು. ಈ ಸಾಲು ನೋಡಿ: ಪ್ರಿಂಟ್‌ಎಫ್("%ಎಫ್ %ಡಿ", 7, 3.5). ಮೊದಲು ದಶಮಾಂಶ ಬೇಕು ಅಂತ ಹೇಳಿ ಪೂರ್ಣಾಂಕ ಕೊಟ್ಟಿದ್ದೀವಿ, ಎರಡನೆಯದೂ ಉಲ್ಟಾ. ಇದನ್ನ 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಓಡಿಸಿದ್ರೆ 3.500000 7 ಅಂತ ಬರುತ್ತೆ. ಅಂದ್ರೆ ನೋಡೋಕೆ ಚೆನ್ನಾಗೇ ಇದೆ! ಕಾರಣ, ಅಲ್ಲಿ ಪೂರ್ಣಾಂಕಗಳು ಒಂದು ಗುಂಪಿನ ರಿಜಿಸ್ಟರ್‌ಗಳಲ್ಲೂ ದಶಮಾಂಶಗಳು ಬೇರೆ ಗುಂಪಿನಲ್ಲೂ ಹೋಗ್ತವೆ. ಕ್ರಮ ತಪ್ಪಿದ್ರೂ ಒಂದೊಂದೇ ಇರೋದ್ರಿಂದ ಕೈಗೆ ಸಿಕ್ಕಿಬಿಡುತ್ತೆ. ಅದೇ ಸಾಲನ್ನ ಹಳೇ 32 ಬಿಟ್ ಇಂಟೆಲ್‌ನಲ್ಲಿ ಓಡಿಸಿ: 0.000000 1074528256. ಅಲ್ಲಿ ಎಲ್ಲವೂ ಸ್ಟ್ಯಾಕ್ ಮೇಲೆ ಸಾಲಾಗಿ ಕೂತಿರೋದ್ರಿಂದ 7 ಮತ್ತು 3.5ರ ಅರ್ಧ ಸೇರಿ ಒಂದು ದಶಮಾಂಶ ಆಯ್ತು, 3.5ರ ಉಳಿದರ್ಧ ಆ ದೊಡ್ಡ ಪೂರ್ಣಾಂಕ ಆಯ್ತು. ಒಂದೇ ಸಾಲು, ಎರಡು ಯಂತ್ರ, ಎರಡು ಉತ್ತರ. ನಿಮ್ಮ ಮೇಜಿನ ಮೇಲೆ ಪಾಸಾದ ಟೆಸ್ಟು ಗ್ರಾಹಕರ ಮನೆಯಲ್ಲಿ ಫೇಲು.

2020ರ ಕೊನೆಯಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಗೆ ಎಂ1 ಚಿಪ್ ಹಾಕಿದಾಗಲೂ ಇದೇ ಕಥೆ. ಅಲ್ಲಿ ಮೂರು ಚುಕ್ಕಿಯಲ್ಲಿ ಹೋಗೋ ಆರ್ಗ್ಯುಮೆಂಟ್‌ಗಳೆಲ್ಲಾ ಸ್ಟ್ಯಾಕ್ ಮೇಲೇ ಹೋಗ್ತವೆ, ಸಾಮಾನ್ಯ ಆರ್ಗ್ಯುಮೆಂಟ್‌ಗಳು ಮೊದಲು ರಿಜಿಸ್ಟರ್‌ನಲ್ಲಿ ಹೋಗ್ತವೆ. ಅಂದ್ರೆ ಮೂರು ಚುಕ್ಕಿಯ ಫಂಕ್ಷನ್ನನ್ನ ಮಾಮೂಲಿ ಫಂಕ್ಷನ್ ಅಂತ ಘೋಷಿಸಿ ಕರೆಯೋ ಕೋಡು ಇಂಟೆಲ್ ಮೇಲೆ ಹೇಗೋ ತಳ್ಳಿಕೊಂಡು ಬಂದಿದ್ರೂ ಇಲ್ಲಿ ನಡೆಯಲ್ಲ. ಕಳಿಸಿದವರು ಒಂದು ಕಡೆ ಇಟ್ಟರು, ತಗೊಳ್ಳೋರು ಇನ್ನೊಂದು ಕಡೆ ತಡಕಾಡಿದರು.

ನಾವು ದಿನಾ ಬಳಸೋ ಓಪನ್ ಕೂಡ ಇದೇ ಜಾತಿ, ಎಷ್ಟು ಜನ ಗಮನಿಸಿದ್ದೀರಿ? ಫೈಲ್ ಬರೀ ತೆರೆಯೋದಾದ್ರೆ ಎರಡು ಆರ್ಗ್ಯುಮೆಂಟ್ ಸಾಕು. ಹೊಸ ಫೈಲ್ ಹುಟ್ಟಿಸೋದಾದ್ರೆ ಮೂರನೆಯದಾಗಿ ಅದನ್ನ ಯಾರು ಓದಬಹುದು, ಯಾರು ಬರೀಬಹುದು ಅನ್ನೋ ಅನುಮತಿ ಕೊಡಬೇಕು. ಮರೆತ್ರೆ? ಆ ಜಾಗದಲ್ಲಿ ಬಿದ್ದಿರೋ ಕಸವೇ ಅನುಮತಿ ಆಗುತ್ತೆ. ಪಾಸ್‌ವರ್ಡ್ ಇಡೋ ಫೈಲು ಊರಿಗೆಲ್ಲಾ ತೆರೆದುಕೊಳ್ಳಬಹುದು, ಅಥವಾ ಬರೆದವರಿಗೇ ತೆರೆಯದಿರಬಹುದು.

ಈಗ ಒಂದು ಕಣ್ಣಾರೆ ಕಂಡ ಸಂಗತಿ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಒಂದು ಉಪಕರಣಕ್ಕೆ ಸಾಫ್ಟ್‌ವೇರ್ ಬರೀತಿದ್ವಿ. ಅದರಲ್ಲಿ ಯಾರೋ ಹಿಂದಿನವರು ಬರೆದಿಟ್ಟ ಲಾಗ್ ಫಂಕ್ಷನ್ ಇತ್ತು, ಮೂರು ಚುಕ್ಕಿಯದ್ದು. ದಿನನಿತ್ಯದ ಸಂದೇಶಗಳೆಲ್ಲ ಸರಿಯಾಗಿ ಬರ್ತಿದ್ವು. ಆದರೆ ಸ್ಟೋರೇಜ್ ಕೆಟ್ಟಾಗ ಮಾತ್ರ ಓಡೋ ಒಂದು ಸಾಲಿನಲ್ಲಿ ಸ್ಟ್ರಿಂಗ್ ಬೇಕು ಅಂತ ಹೇಳಿ ಎರರ್ ಸಂಖ್ಯೆ ಕೊಟ್ಟಿದ್ರು. ಸ್ಟೋರೇಜ್ ಕೆಡೋದು ಅಪರೂಪ, ಹಾಗಾಗಿ ಆ ಸಾಲು ಯಾರ ಟೆಸ್ಟಿಗೂ ಸಿಕ್ಕಿರಲಿಲ್ಲ. ಕೊನೆಗೊಂದು ದಿನ ನಿಜವಾಗಿ ಕೆಡ್ತು. ಪ್ರೋಗ್ರಾಂ ಎರರ್ ಸಂಖ್ಯೆಯನ್ನೇ ವಿಳಾಸ ಅಂದುಕೊಂಡು ಅಲ್ಲಿ ಸ್ಟ್ರಿಂಗ್ ಹುಡುಕೋಕೆ ಹೋಗಿ ಅಲ್ಲೇ ಸತ್ತುಹೋಯ್ತು. ಏನು ಕೆಟ್ಟಿದೆ ಅಂತ ಹೇಳಬೇಕಾದ ಸಾಲೇ ಹೇಳೋಕೆ ಮೊದಲು ಕೊಂದುಹಾಕ್ತು! ಗ್ರಾಹಕರ ಡೇಟಾ ಹೋಯ್ತು, ಯಾಕೆ ಹೋಯ್ತು ಅನ್ನೋ ದಾಖಲೆಯೂ ಹೋಯ್ತು. ಮೂರು ಚುಕ್ಕಿಯ ತಪ್ಪುಗಳು ಹೆಚ್ಚಾಗಿ ಅಡಗಿರೋದೇ ಇಂಥ ಕಡೆ. ದಿನಾ ಓಡೋ ಸಾಲಿನ ತಪ್ಪು ಮೊದಲ ದಿನವೇ ಕಣ್ಣಿಗೆ ಬೀಳುತ್ತೆ, ಆಪತ್ತಿಗೆ ಅಂತ ಇಟ್ಟ ಸಾಲಿನದ್ದು ಆಪತ್ತು ಬರೋತನಕ ಬೀಳಲ್ಲ.

ಇದು ಒಂದು ತಂಡದ ಗೋಳಾಗಿದ್ರೆ ಬ್ಲಾಗ್ ಬರೀತಿರಲಿಲ್ಲ. 2000ನೇ ಇಸವಿಯಲ್ಲಿ ಡಬ್ಲ್ಯುಯು-ಎಫ್‌ಟಿಪಿಡಿ ಅನ್ನೋ ಜನಪ್ರಿಯ ಎಫ್‌ಟಿಪಿ ಸರ್ವರ್‌ನಲ್ಲಿ ಒಂದು ತೂತು ಸಿಕ್ತು. ಬಳಕೆದಾರ ಕಳಿಸಿದ ಪಠ್ಯವನ್ನೇ ಪ್ರಿಂಟ್‌ಎಫ್ ಜಾತಿಯ ಫಂಕ್ಷನ್ನಿಗೆ ಮೊದಲ ಸ್ಟ್ರಿಂಗ್ ಆಗಿ ಕೊಟ್ಟಿದ್ರು. ಅಂದ್ರೆ ಪ್ರಿಂಟ್‌ಎಫ್("%ಎಸ್", ಹೆಸರು) ಅಂತ ಬರೆಯೋ ಬದಲು ಪ್ರಿಂಟ್‌ಎಫ್(ಹೆಸರು) ಅಂತ ಬರೆದ ಹಾಗೆ. ಹೆಸರಿನೊಳಗೇ ಪರ್ಸೆಂಟ್ ಚಿಹ್ನೆಗಳಿದ್ರೆ ಫಂಕ್ಷನ್ ಇಲ್ಲದ ಆರ್ಗ್ಯುಮೆಂಟ್‌ಗಳನ್ನ ಎತ್ತಿಕೊಳ್ತಾ ಹೋಗುತ್ತೆ. ಅದರಲ್ಲೂ %ಎನ್ ಅಂತ ಒಂದಿದೆ. ಅದು ಮೆಮೊರಿಗೆ ಬರೆಯುತ್ತೆ! ಇಲ್ಲಿಯವರೆಗೆ ಎಷ್ಟು ಅಕ್ಷರ ಆಯ್ತು ಅನ್ನೋ ಲೆಕ್ಕವನ್ನ ಕೊಟ್ಟ ವಿಳಾಸದಲ್ಲಿ ಇಡೋದು ಅದರ ಕೆಲಸ. ಕೊಟ್ಟವರೇ ಕಳ್ಳರಾದ್ರೆ ವಿಳಾಸವೂ ಅವರದ್ದೇ. ದೂರದಲ್ಲಿ ಕೂತವರು ಸರ್ವರ್‌ನ ರೂಟ್ ಆಗಿಬಿಡಬಹುದಿತ್ತು. ಜಗತ್ತು ಪಾಠ ಕಲೀತು ಅಂದ್ಕೊಂಡ್ರಾ? 2012ರಲ್ಲಿ ಸುಡೋ ಪ್ರೋಗ್ರಾಮಿನ ಡೀಬಗ್ ಸಂದೇಶದಲ್ಲಿ ಇದೇ ತಪ್ಪು. ಅಲ್ಲಿ ಪ್ರೋಗ್ರಾಮಿನ ಹೆಸರೇ ಫಾರ್ಮ್ಯಾಟ್ ಸ್ಟ್ರಿಂಗ್‌ನೊಳಗೆ ಸೇರಿಕೊಂಡಿತ್ತು. ಯಾರಿಗೆ ರೂಟ್ ಅಧಿಕಾರ ಕೊಡಬೇಕು ಅಂತ ತೀರ್ಮಾನಿಸೋ ಪ್ರೋಗ್ರಾಂ ಅದು! 2021ರ ಜೂನ್‌ನಲ್ಲಿ ಐಫೋನು. ಪರ್ಸೆಂಟ್ ಚಿಹ್ನೆ ತುಂಬಿದ ಹೆಸರಿನ ವೈಫೈಗೆ ಸೇರಿದ್ರೆ ಫೋನಿನ ವೈಫೈಯೇ ಕೆಲಸ ನಿಲ್ಲಿಸ್ತಿತ್ತು, ನೆಟ್‌ವರ್ಕ್ ಸೆಟ್ಟಿಂಗ್ ಪೂರ್ತಿ ಅಳಿಸಿ ಮೊದಲಿಂದ ಮಾಡಬೇಕಿತ್ತು. ಮುಂದಿನ ತಿಂಗಳು ಬಂದ ಐಓಎಸ್ 14.7ರಲ್ಲಿ ಸರಿಹೋಯ್ತು. ಅದು ಆಬ್ಜೆಕ್ಟಿವ್-ಸಿ, ಆದರೆ ವಂಶ ಇದೇ. ಇಪ್ಪತ್ತೊಂದು ವರ್ಷ, ಒಂದೇ ತಪ್ಪು.

ಈಗ ಕನ್ನಡದ ತಕರಾರಿಗೆ ಬರ್ತೀನಿ. ಬ್ಲಾಗಿಗರಲ್ಲಿ ಹಲವರು ಗ್ನೋಮ್, ಕೆಡಿಇ ಅಂತ ತಂತ್ರಾಂಶಗಳನ್ನ ಕನ್ನಡಕ್ಕೆ ತರೋಕೆ ಬಿಟ್ಟಿ ದುಡಿದಿದ್ದೀರಿ. ಅನುವಾದದ ಕಡತದಲ್ಲಿ ಇಂಗ್ಲಿಷ್ ವಾಕ್ಯಗಳ ನಡುವೆ ಪರ್ಸೆಂಟ್ ಗುರುತುಗಳನ್ನ ನೋಡೇ ಇರ್ತೀರಿ. "ಹತ್ತು ಪುಟಗಳಲ್ಲಿ ಮೂರನೆಯದು" ಅನ್ನೋದನ್ನ ಇಂಗ್ಲಿಷ್‌ನಲ್ಲಿ ಮೊದಲು ಮೂರು, ಆಮೇಲೆ ಹತ್ತು ಅಂತ ಬರೀತಾರೆ. ನಮ್ಮಲ್ಲಿ ಸಹಜವಾಗಿ ಬರೋದು "10ರಲ್ಲಿ 3". ನೀವು ಪಾಪ ಕನ್ನಡದ ಜಾಯಮಾನಕ್ಕೆ ತಕ್ಕಂತೆ "%ಡಿರಲ್ಲಿ %ಡಿ" ಅಂತ ಬರೆದ್ರೆ ಪರದೆ ಮೇಲೆ ಬರೋದು "3ರಲ್ಲಿ 10"! ಎರಡೂ ಪೂರ್ಣಾಂಕ ಆದ್ದರಿಂದ ಇದನ್ನ ಯಾವ ಪರೀಕ್ಷೆಯೂ ಹಿಡಿಯಲ್ಲ. ಇನ್ನು "ಇಷ್ಟು ಕಡತಗಳು, ಇಂಥ ಕಡತಕೋಶದಲ್ಲಿ" ಅನ್ನೋ ಇಂಗ್ಲಿಷ್ ಕ್ರಮವನ್ನ "ಇಂಥ ಕಡತಕೋಶದಲ್ಲಿ ಇಷ್ಟು ಕಡತಗಳು" ಅಂತ ತಿರುಗಿಸಿದ್ರೆ ಸಂಖ್ಯೆಯ ಜಾಗಕ್ಕೆ ಸ್ಟ್ರಿಂಗು, ಸ್ಟ್ರಿಂಗ್ ಜಾಗಕ್ಕೆ ಸಂಖ್ಯೆ. ಪ್ರೋಗ್ರಾಂ ಬಿದ್ದುಹೋಗಬಹುದು. ಒಂದು ಸಾಲು ಸಿ ಬರೆಯದ ಕನ್ನಡ ಮೇಷ್ಟ್ರು ಒಳ್ಳೇ ಕನ್ನಡ ಬರೆದ ತಪ್ಪಿಗೆ ಸಿ ಪ್ರೋಗ್ರಾಂ ಸಾಯುತ್ತೆ ಅಂದ್ರೆ ಏನು ಹೇಳೋಣ?

ಮದ್ದು ಇಲ್ಲ ಅಂತಲ್ಲ. ಗುರುತಿಗೆ ಸಂಖ್ಯೆ ಹಾಕಬಹುದು: "%2$ಡಿರಲ್ಲಿ %1$ಡಿ". ಎರಡನೆಯದನ್ನ ಮೊದಲು ಹಾಕು, ಮೊದಲನೆಯದನ್ನ ಆಮೇಲೆ ಹಾಕು ಅಂತ. ಆದರೆ ಇದು ಪೋಸಿಕ್ಸ್ ಕೊಟ್ಟ ಸೌಲಭ್ಯ, ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಇವತ್ತಿಗೂ ಇಲ್ಲ. ಇಲ್ಲೂ ಒಂದು ಕಟ್ಟುಪಾಡು ಇದೆ. ಮೂರನೆಯದನ್ನ ಬಳಸಬೇಕಾದ್ರೆ ಒಂದು, ಎರಡನ್ನೂ ವಾಕ್ಯದಲ್ಲಿ ಎಲ್ಲಾದ್ರೂ ಬಳಸಲೇಬೇಕು, ನಡುವಿನದನ್ನ ಬಿಡೋ ಹಾಗಿಲ್ಲ. ಯಾಕೆ ಹೇಳಿ? ನಡುವಿನದರ ಟೈಪ್ ಗೊತ್ತಾಗದೆ ಅದನ್ನ ದಾಟಿ ಮುಂದಿನದಕ್ಕೆ ಹೋಗೋದು ಹೇಗೆ ಅಂತ ಫಂಕ್ಷನ್ನಿಗೆ ತಿಳಿಯಲ್ಲ! ಕೆಡಿಇ ಕಡೆ ನೋಡಿ, ಅಲ್ಲಿ ಗುರುತುಗಳು %1, %2 ಅಂತ ಮೊದಲಿಂದಲೂ ಸಂಖ್ಯೆಯಲ್ಲೇ ಇವೆ, ಯಾವುದು ಯಾವ ಟೈಪ್ ಅನ್ನೋ ಚಿಂತೆ ಅನುವಾದಕರಿಗಿಲ್ಲ. ಹಿಂದುಮುಂದು ಮಾಡೋಕೆ ಯಾವ ಅಡ್ಡಿಯೂ ಇಲ್ಲ. ಅಂದ್ರೆ ಬೇರೆ ದಾರಿ ಇತ್ತು, ಇದೆ. ಆ ಕಡತದಲ್ಲಿ ಟೈಪ್‌ನ ಭಾರವನ್ನ ಅನುವಾದಕರ ತಲೆ ಮೇಲೆ ಹೊರಿಸಿದ್ದು ಮೂರು ಚುಕ್ಕಿ.

ಎದುರು ವಾದಗಳು ನನಗೂ ಗೊತ್ತು, ಕಮೆಂಟಿನಲ್ಲಿ ಬರೋಕೆ ಮೊದಲೇ ಹೇಳಿಬಿಡ್ತೀನಿ :-)

"ಪ್ಯಾಸ್ಕಲ್‌ನಲ್ಲಿ ರೈಟ್‌ಎಲ್‌ಎನ್ ಕಂಪೈಲರ್‌ನೊಳಗೇ ಕೂತಿತ್ತು, ನಮ್ಮ ನಿಮ್ಮಂಥವರು ಅಂಥದ್ದು ಬರೆಯೋ ಹಾಗಿರಲಿಲ್ಲ. ಸಿಯಲ್ಲಿ ಪ್ರಿಂಟ್‌ಎಫ್ ಒಂದು ಮಾಮೂಲಿ ಫಂಕ್ಷನ್, ಅದೇ ಅದರ ದೊಡ್ಡಸ್ತಿಕೆ." ಒಪ್ಪಿದೆ. 1970ರ ದಶಕಕ್ಕೆ ಅದು ದೊಡ್ಡ ವಿಷಯವೇ. ಆದರೆ ಒಳ್ಳೇ ಕಾರಣಕ್ಕೆ ಮಾಡಿದ ಒಂದು ವಿನಾಯಿತಿಯನ್ನ ನಿಮ್ಮ ಪ್ರಾಜೆಕ್ಟಿನಲ್ಲಿ ಇಪ್ಪತ್ತು ಸಲ ಮಾಡಬೇಕಾಗಿಲ್ಲ.

"ಕಂಪೈಲರ್ ಈಗ ಎಚ್ಚರಿಕೆ ಕೊಡುತ್ತಲ್ಲ?" ಕೊಡುತ್ತೆ. ಜಿಸಿಸಿ ಮತ್ತು ಕ್ಲಾಂಗ್ ಎರಡೂ ಪ್ರಿಂಟ್‌ಎಫ್‌ನ ಸ್ಟ್ರಿಂಗನ್ನ ಓದಿ ಹೊಂದಿಸಿ ನೋಡ್ತವೆ. ಸ್ಟ್ರಿಂಗ್ ಕಣ್ಣೆದುರಿಗೆ ಕೋಡಿನಲ್ಲೇ ಇದ್ರೆ ಮಾತ್ರ. ನೀವೇ ಬರೆದ ಲಾಗ್ ಫಂಕ್ಷನ್ನಿಗೆ ಇದು ಬೇಕಾದ್ರೆ ನೀವೇ ಫಾರ್ಮ್ಯಾಟ್ ಅನ್ನೋ ಅಟ್ರಿಬ್ಯೂಟ್ ಹಚ್ಚಬೇಕು. ಮೇಲೆ ಹೇಳಿದ ಆ ಉಪಕರಣದಲ್ಲಿ ಅದನ್ನ ಯಾರೂ ಹಚ್ಚಿರಲಿಲ್ಲ. ಇನ್ನು ಕೂಡು, ಸರಾಸರಿ ಥರ ನೀವೇ ಕಟ್ಟಿಕೊಂಡ ಕಟ್ಟಳೆ ಆದ್ರೆ, ಅದನ್ನ ಪರೀಕ್ಷಿಸೋಕೆ ಕಂಪೈಲರ್‌ಗೆ ದಾರಿಯೇ ಇಲ್ಲ.

"ಅನುಭವ ಇರೋರು ಎಡವಲ್ಲ ಬಿಡಿ." ಅನುಭವ ಇರೋರು ಬರೆದ ಸಾಲೂ ಅವರು ಮುಟ್ಟದೆಯೇ ಕೆಡುತ್ತೆ ಸಾರ್. ಎಲ್ಲೋ ಒಂದು ಹೆಡರ್ ಫೈಲಿನಲ್ಲಿ ಒಂದು ಟೈಪ್ 32 ಬಿಟ್‌ನಿಂದ 64 ಬಿಟ್ ಆಯ್ತು ಅಂದ್ಕೊಳ್ಳಿ. 2038ರ ಸಮಸ್ಯೆಗಾಗಿ ಸಮಯ ಇಡೋ ಟೈಮ್_ಟಿ ಹಾಗೇ ಅಗಲವಾಗ್ತಿದೆ. 2014ರ ಓಪನ್‌ಬಿಎಸ್‌ಡಿ 5.5ರಲ್ಲಿ ಎಲ್ಲಾ ಯಂತ್ರಕ್ಕೂ 64 ಬಿಟ್ ಆಯ್ತು. ಸಾಮಾನ್ಯ ಫಂಕ್ಷನ್ ಕರೆಗಳು ಮತ್ತೆ ಕಂಪೈಲ್ ಮಾಡಿದ್ರೆ ತಾವೇ ಹೊಂದಿಕೊಳ್ತವೆ. ಮೂರು ಚುಕ್ಕಿಯ ಕರೆಗಳು ಹೊಂದಿಕೊಳ್ಳಲ್ಲ. ಸ್ಟ್ರಿಂಗಿನಲ್ಲಿ ಹಳೇ ಅಗಲವೇ ಬರೆದಿರುತ್ತೆ. 32 ಬಿಟ್ ಯಂತ್ರದಲ್ಲಿ ಅದರ ಹಿಂದಿರೋ ಆರ್ಗ್ಯುಮೆಂಟ್‌ಗಳೆಲ್ಲಾ ಒಂದೊಂದು ಜಾಗ ಸರಿದು ಕೂರ್ತವೆ. ಹತ್ತು ವರ್ಷದ ಹಿಂದೆ ಅಪ್ಪಟ ಸರಿಯಾಗಿ ಬರೆದ ಸಾಲು ಇವತ್ತು ತಪ್ಪು.

ಹಾಗಾದ್ರೆ ಏನು ಮಾಡೋಣ? ಬರೀ ಬೈದು ಹೋಗೋದು ನನಗೂ ಇಷ್ಟ ಇಲ್ಲ.

1. ಎಲ್ಲಾ ಒಂದೇ ಟೈಪ್ ಆದ್ರೆ ಅರೇ ಮತ್ತು ಉದ್ದ ಕೊಡಿ. 1999ರ ಸ್ಟ್ಯಾಂಡರ್ಡ್‌ನಿಂದ ಈಚೆಗೆ ಕರೆಯೋ ಜಾಗದಲ್ಲೇ ಅರೇ ಕಟ್ಟಬಹುದು, ಬೇರೆ ಸಾಲು ಬೇಡ. ಒಂದು ಮ್ಯಾಕ್ರೋ ಬರೆದ್ರೆ ಇಡೀ ಅರೇಯ ಸೈಜನ್ನ ಒಂದರ ಸೈಜಿನಿಂದ ಭಾಗಿಸಿ ಉದ್ದವನ್ನೂ ಅದೇ ಎಣಿಸುತ್ತೆ. ಕರೆಯೋರು ಕೂಡು(10, 20, 30) ಅಂತಷ್ಟೇ ಬರೀತಾರೆ. ಎಣಿಕೆ ತಪ್ಪೋ ಪ್ರಶ್ನೆಯೇ ಇಲ್ಲ. ಸರಾಸರಿಯ ಅರೇ ಡಬಲ್ ಆಗಿದ್ರೆ 1 ತಾನಾಗೇ 1.0 ಆಗುತ್ತೆ. ಮ್ಯಾಕ್ರೋದಲ್ಲೂ ಮೂರು ಚುಕ್ಕಿ ಇದೆ ಅಂತೀರಾ? ಇದೆ, ಆದರೆ ಅದು ಕಂಪೈಲ್ ಆಗುವಾಗಲೇ ಬಿಡಿಸಿಕೊಂಡು ಟೈಪ್ ಪರೀಕ್ಷೆಗೆ ಕೂರುತ್ತೆ, ಓಡುವಾಗ ಕತ್ತಲಲ್ಲಿ ತಡಕಾಡಲ್ಲ.

2. ಕೆಲವು ಬೇಕು, ಕೆಲವು ಬೇಡ ಅನ್ನೋ ಆಯ್ಕೆಗಳಾದ್ರೆ ಒಂದು ಸ್ಟ್ರಕ್ಟ್ ಮಾಡಿ. ಬೇಕಾದ ಅಂಕಣವನ್ನ ಹೆಸರು ಹಿಡಿದು ತುಂಬಬಹುದು, ತುಂಬದ್ದು ಸೊನ್ನೆ ಆಗಿರುತ್ತೆ. ಓಪನ್‌ನ ಅನುಮತಿ ಹೀಗೆ ಬಂದಿದ್ರೆ ಮರೆತವರ ಫೈಲಿಗೆ ಕಸ ಸೇರ್ತಿರಲಿಲ್ಲ.

3. ಲಾಗ್ ಬರೆಯಲೇಬೇಕು, ಪ್ರಿಂಟ್‌ಎಫ್ ಥರವೇ ಬೇಕು ಅಂದ್ರೆ ಅದೊಂದಕ್ಕೆ ವಿನಾಯಿತಿ. ಒಂದೇ ಕಡೆ ಬರೆಯಿರಿ, ಒಳಗೆ ವಿಎಸ್ಎನ್‌ಪ್ರಿಂಟ್‌ಎಫ್‌ಗೆ ದಾಟಿಸಿ, ಫಾರ್ಮ್ಯಾಟ್ ಅಟ್ರಿಬ್ಯೂಟ್ ಹಚ್ಚಿ, ಆ ಎಚ್ಚರಿಕೆಗಳನ್ನ ಎರರ್ ಅಂತಲೇ ಪರಿಗಣಿಸಿ. ಹೊರಗಿಂದ ಬಂದ ಪಠ್ಯವನ್ನ ಯಾವತ್ತೂ ಮೊದಲ ಸ್ಟ್ರಿಂಗ್ ಮಾಡಬೇಡಿ.

4. ಅನುವಾದ ಮಾಡೋ ಗೆಳೆಯರೇ, ಒಂದಕ್ಕಿಂತ ಹೆಚ್ಚು ಗುರುತಿದ್ದು ಕ್ರಮ ಬದಲಾದ್ರೆ ಸಂಖ್ಯೆ ಹಾಕಿ. ಕಳಿಸೋ ಮೊದಲು ಗೆಟ್‌ಟೆಕ್ಸ್ಟ್ ಜೊತೆ ಬರೋ ಎಂಎಸ್‌ಜಿ‌ಎಫ್‌ಎಂಟಿಯಲ್ಲಿ ಫಾರ್ಮ್ಯಾಟ್ ಪರೀಕ್ಷೆ ಮಾಡಿಸಿ. ಸಂಖ್ಯೆ-ಸ್ಟ್ರಿಂಗ್ ಅದಲುಬದಲಾದ್ರೆ ಅದು ಹಿಡಿಯುತ್ತೆ. "3ರಲ್ಲಿ 10" ಮಾತ್ರ ನಿಮ್ಮ ಕಣ್ಣೇ ಹಿಡೀಬೇಕು.

ಬೇರೆ ಭಾಷೆಗಳು ಈ ಜಗಳವನ್ನ ಯಾವತ್ತೋ ಮುಗಿಸಿವೆ. ಜಾವಾಗೆ 2004ರಲ್ಲಿ ಮೂರು ಚುಕ್ಕಿ ಬಂತು, ಒಳಗೆ ಅದೊಂದು ಅರೇ, ಉದ್ದ ಜೊತೆಗೇ ಬರುತ್ತೆ. ಗೋ ಭಾಷೆಯಲ್ಲೂ ಉದ್ದ ಜೊತೆಗೇ ಬರುತ್ತೆ. ಸಿ++ ಗೆ 2011ರಲ್ಲಿ ಬಂದ ಟೆಂಪ್ಲೇಟುಗಳಲ್ಲಿ ಪ್ರತಿಯೊಂದರ ಟೈಪೂ ಕಂಪೈಲರ್‌ಗೆ ಗೊತ್ತು. ಸಿ ಏನು ಮಾಡ್ತು? ಸಿ23 ಸ್ಟ್ಯಾಂಡರ್ಡ್ 2024ರಲ್ಲಿ ಪ್ರಕಟವಾಯ್ತು. ಅದರಲ್ಲಿ ಮೂರು ಚುಕ್ಕಿಗೆ ಮೊದಲು ಒಂದಾದ್ರೂ ಹೆಸರಿರೋ ಆರ್ಗ್ಯುಮೆಂಟ್ ಇರಬೇಕು ಅನ್ನೋ ನಿಯಮವನ್ನೂ ತೆಗೆದುಹಾಕಿದ್ದಾರೆ! ಈಗ ಬರೀ ಮೂರು ಚುಕ್ಕಿಯ ಫಂಕ್ಷನ್ ಬರೀಬಹುದು. ಕಿಂಡಿ ಇನ್ನೂ ಅಗಲ ಆಯ್ತು. ನ್ಯಾಯವಾಗಿ ಹೇಳಬೇಕಂದ್ರೆ ಅದೇ ಸ್ಟ್ಯಾಂಡರ್ಡ್‌ನಲ್ಲಿ ನಲ್‌ಪಿಟಿಆರ್ ಕೂಡ ಬಂದಿದೆ, ಎಕ್ಸೆಕ್ಎಲ್‌ನ ಅರ್ಧಂಬರ್ಧ ಸೊನ್ನೆಯ ಗೋಳಿಗೆ ಅದರಿಂದ ಪರಿಹಾರ ಇದೆ. ಆದರೆ ಎಷ್ಟು ಬಂತು, ಏನು ಬಂತು ಅನ್ನೋ ಮೂಲ ಪ್ರಶ್ನೆ 1978ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಸ್ಟ್ಯಾಂಡರ್ಡ್ ಸಮಿತಿ ಈ ಕಿಂಡಿ ಮುಚ್ಚಲ್ಲ, ಮುಚ್ಚಿದ್ರೆ ಜಗತ್ತಿನ ಹಳೇ ಕೋಡೆಲ್ಲಾ ನಿಂತುಹೋಗುತ್ತೆ. ಹಾಗಾಗಿ ಅದರೊಳಗೆ ತೂರದೆ ಇರೋದು ನಮ್ಮ ಕೈಲೇ ಇದೆ.

ಬ್ಲಾಗಿಗರಲ್ಲಿ ಪಾಠ ಮಾಡೋ ಮೇಷ್ಟ್ರುಗಳೂ ಇದ್ದೀರಿ ಅಂತ ಗೊತ್ತು. ಒಂದು ವಿನಂತಿ. ಮುಂದಿನ ಸಲ ಈ ಅಧ್ಯಾಯ ಬಂದಾಗ ಕೂಡು(3, 10, 20, 30) ಬರೆಸಿ, ಪಕ್ಕದಲ್ಲೇ ಕೂಡು(4, 10, 20, 30) ಕೂಡ ಓಡಿಸಿ ತೋರಿಸಿ. ಕಂಪೈಲರ್ ಯಾಕೆ ಸುಮ್ಮನಿತ್ತು ಅಂತ ಹುಡುಗರನ್ನೇ ಕೇಳಿ. ಅಷ್ಟು ಗೊತ್ತಾದ್ರೆ ಈ ಅಧ್ಯಾಯದ ಮಟ್ಟಿಗೆ ಸಾಕು.

ನಿಮ್ಮ ಪ್ರಾಜೆಕ್ಟಿನಲ್ಲಿ ಮೂರು ಚುಕ್ಕಿ ಇಲ್ಲದೆ ಆಗೋದೇ ಇಲ್ಲ ಅನ್ನೋ ಜಾಗ ಇದ್ರೆ ಕಮೆಂಟಿನಲ್ಲಿ ಕುಟ್ಟಿ, ಜಗಳ ಮುಂದುವರಿಸೋಣ. ಕನ್ನಡ ಅನುವಾದದಲ್ಲಿ "3ರಲ್ಲಿ 10" ಥರದ್ದು ಕಂಡಿದ್ರೆ ಅದನ್ನಂತೂ ತಪ್ಪದೆ ಬರೆಯಿರಿ, ಎಲ್ಲಾ ಸೇರಿ ತಿದ್ದಿಸೋಣ.